ತೀರ್ಮಾನ ಯಾರದು? ತಲೆಯದೋ, ಎದೆಯದೋ?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಅತ್ತೆಯವರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಸಾಕು, ಏದುಸಿರು ಬರುತ್ತಿತ್ತು. ಒಂದೆರಡು ಸಲ ದೇವರ ಮನೆಯಲ್ಲೇ ತಲೆ ಸುತ್ತಿ ಬಿದ್ದದ್ದೂ ಆಯಿತು. ಪರೀಕ್ಷೆ ಮಾಡಿದ ಡಾಕ್ಟರು, ಹೃದಯದ ಒಂದು ಕವಾಟ ತೀರಾ ಕಿರಿದಾಗಿದೆ, ಆಪರೇಷನ್ ಮಾಡಿ ಬದಲಾಯಿಸಬೇಕು ಎಂದರು. ಆಗ ಅತ್ತೆಯವರಿಗೆ ಎಪ್ಪತ್ತನಾಲ್ಕು.

ಬೆಳಿಗ್ಗೆ ದೊಡ್ಡ ಡಾಕ್ಟರನ್ನು ಕಂಡುಬಂದ ನಮ್ಮ ಮನೆಯವರ ಮುಖ ಗೆಲುವಾಗಿತ್ತು. "ಭಯ ಏನಿಲ್ಲವಂತೆ ಕಣೇ. ಈ ವಯಸ್ಸಿನಲ್ಲೂ ನೂರಕ್ಕೆ ತೊಂಬತ್ತು ಮಂದಿ ಚೆನ್ನಾಗಿ ಎದ್ದು ಮನೆಗೆ ಹೋಗ್ತಾರಂತೆ. ಮಾಡಿಸಿಯೇಬಿಡೋಣ" ಅಂದರು. ಸಂಜೆ ವಾರ್ಡಿನಲ್ಲಿ ಸಿಕ್ಕ ಚಿಕ್ಕ ಡಾಕ್ಟರನ್ನು ಮಾತಾಡಿಸಿಕೊಂಡು ಬಂದ ಮೈದುನನ ಮುಖ ಬಾಡಿಹೋಗಿತ್ತು. "ಅಣ್ಣಾ, ಬೇಡ. ನೂರಕ್ಕೆ ಹತ್ತು ಜನ ಉಳಿಯೋದೇ ಇಲ್ಲವಂತೆ. ನಾವಾಗಿ ಅಮ್ಮನ್ನ ಕರಕೊಂಡು ಹೋಗಿ ಅಲ್ಲಿ ಒಪ್ಪಿಸೋದಾ?" ಅಂದ.

ಆ ರಾತ್ರಿ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಅಣ್ಣತಮ್ಮಂದಿರಲ್ಲಿ ಮಾತಿಗೆ ಮಾತು ಬೆಳೆಯಿತು. "ಅತ್ತಿಗೆ, ನೀವಾದರೂ ಏನಾದ್ರೂ ಹೇಳಿ" ಅಂತ ನಾದಿನಿ ಕಣ್ಣೊರೆಸಿಕೊಂಡಳು. ನಾನೇನು ಹೇಳಲಿ? ಬೆಳಿಗ್ಗೆ 'ಆಗಲಿ' ಅಂದಿದ್ದವಳು ಸಂಜೆಯ ಮಾತು ಕೇಳಿ 'ಬೇಡವೇ ಬೇಡ' ಅನ್ನುತ್ತಿದ್ದೆ!

ಓದುಗ ಸೋದರಿಯರೇ, ಆ ಎರಡು ಮಾತುಗಳನ್ನು ಇನ್ನೊಂದು ಸಲ ಓದಿ ನೋಡಿ. ನೂರಕ್ಕೆ ತೊಂಬತ್ತು ಮಂದಿ ಉಳಿಯುತ್ತಾರೆ. ನೂರಕ್ಕೆ ಹತ್ತು ಮಂದಿ ಉಳಿಯುವುದಿಲ್ಲ. ಎರಡೂ ಒಂದೇ ಮಾತಲ್ಲವೇ? ಇಬ್ಬರು ಡಾಕ್ಟರೂ ಹೇಳಿದ್ದು ಒಂದೇ ಲೆಕ್ಕ. ನಮ್ಮ ಮನೆಯವರು, ಮೈದುನ ಇಬ್ಬರೂ ದಿನವಿಡೀ ಲೆಕ್ಕ ಬರೆಯುವ ಕೆಲಸದವರು. ಆದರೂ ಆ ರಾತ್ರಿ ಇಬ್ಬರಿಗೂ ಅದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ನಾವೇ ದಡ್ಡರೇನೋ ಅಂದುಕೊಂಡಿದ್ದೆ. ಆಮೇಲೆ ಈ ವಿಷಯವಾಗಿ ಓದುತ್ತಾ ಹೋದ ಹಾಗೆ ನಮ್ಮ ಜೊತೆಗೆ ದೊಡ್ಡ ದೊಡ್ಡವರೇ ಇದ್ದಾರೆಂದು ಗೊತ್ತಾಯಿತು!

ಡಾಕ್ಟರುಗಳೂ ತಪ್ಪಿದರು!

1982ರಲ್ಲಿ ಅಮೆರಿಕದ ಬಾರ್ಬರಾ ಮೆಕ್‌ನೀಲ್ ಎಂಬ ವೈದ್ಯ ವಿಜ್ಞಾನಿ, ಏಮಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು ಒಂದು ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ನಿಮಗೆ ಶ್ವಾಸಕೋಶದ ಕ್ಯಾನ್ಸರ್ ಇದೆ ಎಂದು ಭಾವಿಸಿಕೊಳ್ಳಿ, ಆಪರೇಷನ್ ಬೇಕೋ, ವಿಕಿರಣ ಚಿಕಿತ್ಸೆ ಬೇಕೋ ಹೇಳಿ, ಎಂಬುದು ಪ್ರಶ್ನೆ.

ಕೆಲವರಿಗೆ ಲೆಕ್ಕವನ್ನು ಬದುಕುಳಿಯುವವರ ಕಡೆಯಿಂದ ಕೊಟ್ಟರು: ಆಪರೇಷನ್ ಆದ ನೂರು ಜನರಲ್ಲಿ 90 ಮಂದಿ ಅದನ್ನು ದಾಟುತ್ತಾರೆ, ವರ್ಷದ ಕೊನೆಗೆ 68 ಮಂದಿ, ಐದು ವರ್ಷದ ಕೊನೆಗೆ 34 ಮಂದಿ ಬದುಕಿರುತ್ತಾರೆ. ವಿಕಿರಣ ಚಿಕಿತ್ಸೆಯಲ್ಲಾದರೆ ನೂರಕ್ಕೆ ನೂರೂ ಜನ ಚಿಕಿತ್ಸೆ ದಾಟುತ್ತಾರೆ, ವರ್ಷದ ಕೊನೆಗೆ 77, ಐದು ವರ್ಷಕ್ಕೆ 22 ಮಂದಿ ಉಳಿದಿರುತ್ತಾರೆ. ಇನ್ನು ಕೆಲವರಿಗೆ ಇದೇ ಲೆಕ್ಕವನ್ನು ತಿರುಗಿಸಿ, ಸಾಯುವವರ ಕಡೆಯಿಂದ ಕೊಟ್ಟರು: ಆಪರೇಷನ್ನಿನಲ್ಲಿ 10 ಮಂದಿ ಸಾಯುತ್ತಾರೆ, ವರ್ಷದೊಳಗೆ 32 ಮಂದಿ, ಹೀಗೆ.

ಬದುಕಿನ ಲೆಕ್ಕ ಕೇಳಿದವರಲ್ಲಿ ವಿಕಿರಣ ಚಿಕಿತ್ಸೆ ಬೇಕೆಂದವರು ನೂರಕ್ಕೆ 18. ಸಾವಿನ ಲೆಕ್ಕ ಕೇಳಿದವರಲ್ಲಿ ನೂರಕ್ಕೆ 44! ಎಲ್ಲಿಯ 18, ಎಲ್ಲಿಯ 44! ಅಂಕಿ ಒಂದೇ, ರೋಗ ಒಂದೇ, ಮಾತಿನ ಮುಖ ಮಾತ್ರ ಬೇರೆ.

ಹೀಗೆ ಉತ್ತರ ಕೊಟ್ಟವರು ಯಾರೆಂದುಕೊಂಡಿರಿ? ಅವರಲ್ಲಿ ರೋಗಿಗಳಿದ್ದರು, ಲೆಕ್ಕಶಾಸ್ತ್ರ ಕಲಿತ ವಿದ್ಯಾರ್ಥಿಗಳಿದ್ದರು, ನಾನೂರಕ್ಕೂ ಹೆಚ್ಚು ಮಂದಿ ಡಾಕ್ಟರುಗಳೂ ಇದ್ದರು. ಡಾಕ್ಟರುಗಳು ರೋಗಿಗಳಿಗಿಂತ ಕಡಿಮೆಯೇನೂ ವಾಲಲಿಲ್ಲ!

ಟ್ವರ್ಸ್ಕಿಯವರೂ ಅವರ ಜೊತೆಗಾರ ಡೇನಿಯಲ್ ಕಾನೆಮನ್ ಅವರೂ ಇಂಥ ಪ್ರಶ್ನೆಗಳ ಹಿಂದೆ ಬಿದ್ದು ವರ್ಷಗಟ್ಟಲೆ ದುಡಿದವರು. ಟ್ವರ್ಸ್ಕಿ 1996ರಲ್ಲಿ ತೀರಿಕೊಂಡರು. 2002ರಲ್ಲಿ ಕಾನೆಮನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂತು. ಮನಶ್ಶಾಸ್ತ್ರದವರಿಗೆ ಅರ್ಥಶಾಸ್ತ್ರದ ಬಹುಮಾನವೇ ಅಂತ ಕೇಳಬೇಡಿ. ದುಡ್ಡಿನ ವ್ಯವಹಾರ ಮಾಡುವುದೂ ಮನಸ್ಸೇ ತಾನೆ?

ಅಡಿಗೆಮನೆಗೆ ಹತ್ತಿರವಾದ ಇನ್ನೊಂದು ಪ್ರಯೋಗ 1988ರಲ್ಲಿ ಪ್ರಕಟವಾಯಿತು. ಒಂದೇ ಕೊಚ್ಚಿದ ಮಾಂಸಕ್ಕೆ '75 ಪಾಲು ಕೊಬ್ಬಿಲ್ಲದ್ದು' ಎಂಬ ಚೀಟಿ ಅಂಟಿಸಿದಾಗ ಜನ ಮೆಚ್ಚಿದರು. '25 ಪಾಲು ಕೊಬ್ಬು' ಎಂಬ ಚೀಟಿ ಇದ್ದಾಗ ಅಷ್ಟು ಮೆಚ್ಚಲಿಲ್ಲ. ಬಾಯಿಗೆ ಹಾಕಿಕೊಂಡು ರುಚಿ ನೋಡಿದ ಮೇಲೆ ಮಾತ್ರ ಚೀಟಿಯ ಪ್ರಭಾವ ಕಡಿಮೆಯಾಯಿತಂತೆ. ನಾಲಿಗೆ ಎಷ್ಟಾದರೂ ಚೀಟಿ ಓದುವುದಿಲ್ಲ ನೋಡಿ!

ಮಿದುಳಿನೊಳಗೆ ಇಣುಕಿದಾಗ

ಮಾತು ತಿರುಗಿದರೆ ಮನಸ್ಸೂ ತಿರುಗುತ್ತದೆ, ಸರಿ. ಆ ಹೊತ್ತಿನಲ್ಲಿ ಮಿದುಳಿನೊಳಗೆ ಏನು ನಡೆಯುತ್ತದೆ? ಇದನ್ನು ನೋಡಲು ಹೊರಟವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಬೆನೆಡೆಟ್ಟೊ ಡಿ ಮಾರ್ಟಿನೊ, ರೇಮಂಡ್ ಡೋಲನ್ ಮತ್ತು ಅವರ ಸಂಗಡಿಗರು. ಅವರ ಪ್ರಯೋಗ 2006ರಲ್ಲಿ ಪ್ರಕಟವಾಯಿತು.

ಇಪ್ಪತ್ತು ಮಂದಿಯನ್ನು ಒಬ್ಬೊಬ್ಬರಾಗಿ ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿದರು. ಮಿದುಳಿನ ಯಾವ ಭಾಗ ಹೆಚ್ಚು ಕೆಲಸ ಮಾಡುತ್ತದೋ ಅಲ್ಲಿಗೆ ಪ್ರಾಣವಾಯು ತುಂಬಿದ ರಕ್ತ ಹೆಚ್ಚಾಗಿ ಹರಿಯುತ್ತದೆ. ಆ ಹೆಚ್ಚು ಕಡಿಮೆಯನ್ನು ಯಂತ್ರ ಗುರುತಿಸುತ್ತದೆ. ಮಲಗಿದವರಿಗೆ ಕಾಣುವಂತೆ, 'ನಿಮಗೆ 50 ಪೌಂಡು ಬಂದಿದೆ' ಎಂದು ತೋರಿಸಿ, ಎರಡು ದಾರಿ ಮುಂದಿಟ್ಟರು. ಒಂದು ಖಂಡಿತವಾದದ್ದು, ಇನ್ನೊಂದು ಜೂಜು. ಖಂಡಿತವಾದ ದಾರಿಯನ್ನು ಒಮ್ಮೆ '20 ಪೌಂಡು ಉಳಿಸಿಕೊಳ್ಳಿ' ಎಂದೂ, ಇನ್ನೊಮ್ಮೆ '30 ಪೌಂಡು ಕಳೆದುಕೊಳ್ಳಿ' ಎಂದೂ ಬರೆದಿದ್ದರು. ಐವತ್ತರಲ್ಲಿ ಮೂವತ್ತು ಹೋದರೆ ಉಳಿಯುವುದು ಇಪ್ಪತ್ತೇ. ಆದರೂ 'ಉಳಿಸಿಕೊಳ್ಳಿ' ಎಂದಾಗ ಜೂಜಿಗೆ ಇಳಿದದ್ದು ನೂರಕ್ಕೆ ಸುಮಾರು 43 ಸಲ, 'ಕಳೆದುಕೊಳ್ಳಿ' ಎಂದಾಗ ಸುಮಾರು 62 ಸಲ. ಕಳೆದುಕೊಳ್ಳುವ ಮಾತು ಕಿವಿಗೆ ಬಿದ್ದರೆ ನಮಗೆ ಅಷ್ಟು ಸಂಕಟ!

ಮಿದುಳಿನ ಆಳದಲ್ಲಿ ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಬೀಜದ ಆಕಾರದ ಚಿಕ್ಕ ಗಂಟುಗಳಿವೆ. ಅವಕ್ಕೆ ಅಮಿಗ್ಡಲ ಎಂದು ಹೆಸರು. ಭಯ, ಕಾತರ ಮೊದಲಾದ ಭಾವನೆಗಳಿಗೂ ಅವಕ್ಕೂ ನಂಟಿದೆ. ಮಾತಿನ ಸೆಳೆತಕ್ಕೆ ತಕ್ಕಂತೆ ಜನ ಆರಿಸಿದಾಗ ಈ ಗಂಟುಗಳು ಚುರುಕಾಗಿದ್ದವು. ಮಾತಿನ ಸೆಳೆತಕ್ಕೆ ಎದುರಾಗಿ ಆರಿಸಿದಾಗ ಮಿದುಳಿನ ಮುಂಭಾಗದ ಇನ್ನೊಂದು ಜಾಗ ಚುರುಕಾಗಿತ್ತು. ಎರಡು ಎಳೆತಗಳ ನಡುವೆ ತಿಕ್ಕಾಟ ಬಂದಾಗ ಕೆಲಸ ಮಾಡುವ ಜಾಗ ಅದು. ನಮ್ಮ ಮನೆಯ ಅಣ್ಣತಮ್ಮಂದಿರ ಜಗಳದಂಥ ಜಗಳ ಒಬ್ಬೊಬ್ಬರ ತಲೆಯೊಳಗೂ ನಡೆಯುತ್ತದೆ ಎಂದ ಹಾಗಾಯಿತು!

ಇಪ್ಪತ್ತು ಮಂದಿಯಲ್ಲಿ ಕೆಲವರು ಮಾತಿನ ಬಲೆಗೆ ಕಡಿಮೆ ಬಿದ್ದರು. ಅವರಿಗೆ ಭಾವನೆಯೇ ಇರಲಿಲ್ಲವೇ? ಹಾಗಲ್ಲ. ಅವರಲ್ಲಿಯೂ ಆ ಬಾದಾಮಿ ಗಂಟು ಮಿಡಿಯುತ್ತಲೇ ಇತ್ತು. ಆದರೆ ಅವರಲ್ಲಿ ಹಣೆಯ ಹಿಂದೆ, ಕಣ್ಣುಗುಡ್ಡೆಗಳ ಮೇಲ್ಭಾಗಕ್ಕೆ ಇರುವ ಮಿದುಳಿನ ಭಾಗ ಹೆಚ್ಚು ಚುರುಕಾಗಿತ್ತು. ತಮಗೆ ಭಯವಾಗಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ತೂಗಬಲ್ಲವರು ಇವರಿರಬೇಕು ಎಂಬುದು ಸಂಶೋಧಕರ ಊಹೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಯಂತ್ರ ತೋರಿಸುವುದು ರಕ್ತದ ಹರಿವನ್ನು, ಮನಸ್ಸಿನ ಮಾತನ್ನಲ್ಲ. ಇಪ್ಪತ್ತು ಜನರ ಪ್ರಯೋಗವೂ ಲೋಕದ ಎಲ್ಲರ ಕಥೆಯಲ್ಲ. ಅಮಿಗ್ಡಲ ಬರಿಯ ಭಯದ ಗಂಟೂ ಅಲ್ಲ, ಅದಕ್ಕೆ ಬೇರೆ ಕೆಲಸಗಳೂ ಇವೆ.

ಹಾಗಾದರೆ ಭಾವನೆಯನ್ನು ಗಂಟು ಕಟ್ಟಿ ಇಡೋಣವೇ?

"ನೋಡಿದ್ರಾ, ನಾನು ಹೇಳ್ಲಿಲ್ವಾ? ಹೆಂಗಸರು ಅಳೋದು ಬಿಟ್ಟು ಯೋಚನೆ ಮಾಡಬೇಕು" ಎಂದು ಯಾರಾದರೂ ಮೀಸೆ ತಿರುವುವ ಮೊದಲು ಇನ್ನೊಂದು ಕಥೆ ಕೇಳಿ. ಇದು ಗಂಡಸರ ಕಥೆ!

1848ರ ಸೆಪ್ಟೆಂಬರ್ 13. ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಷ್ ಎಂಬ ಊರಿನ ಹತ್ತಿರ ರೈಲು ದಾರಿಗಾಗಿ ಬಂಡೆ ಒಡೆಯುತ್ತಿದ್ದರು. ಮೇಸ್ತ್ರಿಯ ಹೆಸರು ಫಿನಿಯಾಸ್ ಗೇಜ್, ವಯಸ್ಸು 25. ಬಂಡೆಯ ತೂತಿನಲ್ಲಿ ತುಂಬಿದ್ದ ಮದ್ದು ಅಕಸ್ಮಾತ್ತಾಗಿ ಸಿಡಿಯಿತು. ಮದ್ದು ಜಡಿಯುವ ಕಬ್ಬಿಣದ ಸಲಾಕಿ ಗೇಜನ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಗೆ ಹಾರಿತು! ಸಲಾಕಿಯ ಉದ್ದ ಮೂರೂವರೆ ಅಡಿಗೂ ಹೆಚ್ಚು, ತೂಕ ಸುಮಾರು ಆರು ಕಿಲೋ. ಆದರೂ ಆತ ಸಾಯಲಿಲ್ಲ. ಸ್ವಲ್ಪ ಹೊತ್ತಿಗೆ ಮಾತಾಡಿದ. ಎತ್ತಿನ ಗಾಡಿಯಲ್ಲಿ ಕುಳಿತುಕೊಂಡೇ ಊರಿಗೆ ಬಂದ.

ಗಾಯ ಮಾಯಿತು. ನಡೆಯುವುದು, ನೋಡುವುದು, ಮಾತಾಡುವುದು ಎಲ್ಲ ಇತ್ತು, ಒಂದು ಕಣ್ಣು ಮಾತ್ರ ಹೋಯಿತು. ಆದರೆ ಹದವರಿತು ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿ ಈಗ ಬಾಯಿಗೆ ಬಂದಂತೆ ಬಯ್ಯುವ, ಒಂದು ಯೋಜನೆ ಹಾಕಿ ಅದನ್ನು ಬಿಟ್ಟು ಇನ್ನೊಂದಕ್ಕೆ ಹಾರುವ ಮನುಷ್ಯನಾಗಿದ್ದ. ಇವನು ಮೊದಲಿನ ಗೇಜ್ ಅಲ್ಲವೇ ಅಲ್ಲ ಎಂದು ಸ್ನೇಹಿತರು ಹೇಳುತ್ತಿದ್ದರೆಂದು ಅವನಿಗೆ ಔಷಧೋಪಚಾರ ಮಾಡಿದ ಡಾಕ್ಟರ್ ಜಾನ್ ಹಾರ್ಲೊ 1868ರಲ್ಲಿ ಬರೆದಿಟ್ಟರು. ಆದರೂ ಪಾಪ, ಗೇಜ್ ಸುಮ್ಮನೆ ಕೂರಲಿಲ್ಲ. ಚಿಲಿ ದೇಶಕ್ಕೆ ಹೋಗಿ ಕೆಲವು ವರ್ಷ ಕುದುರೆ ಗಾಡಿ ಹೊಡೆದು ದುಡಿದ. 1860ರಲ್ಲಿ ತೀರಿಕೊಂಡ. ಹಾಗಾಗಿ ಅವನು ಪೂರ್ತಿ ಕೆಟ್ಟುಹೋದ ಎನ್ನುವ ಕಥೆಯನ್ನೂ ಪೂರ್ತಿ ನಂಬಬೇಕಾಗಿಲ್ಲ. ಅವನ ತಲೆಬುರುಡೆಯೂ ಆ ಸಲಾಕಿಯೂ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಇವೆ. 1994ರಲ್ಲಿ ಹಾನಾ ಡಮಾಸಿಯೊ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಆ ಬುರುಡೆಯನ್ನು ಅಳೆದು, ಸಲಾಕಿ ಹಾಳು ಮಾಡಿದ್ದು ಮಿದುಳಿನ ಮುಂಭಾಗದ ಕೆಳಪದರಗಳನ್ನು ಎಂದು ಕಂಪ್ಯೂಟರಿನಲ್ಲಿ ಚಿತ್ರಿಸಿ ತೋರಿಸಿದರು.

ಅದೇ 1994ರಲ್ಲಿ ಅವರ ಪತಿ, ಅಯೋವಾ ವಿಶ್ವವಿದ್ಯಾಲಯದ ನರರೋಗ ತಜ್ಞ ಆಂಟೋನಿಯೊ ಡಮಾಸಿಯೊ ತಮ್ಮ ಪುಸ್ತಕದಲ್ಲಿ ಒಬ್ಬ ರೋಗಿಯ ವಿಷಯ ಬರೆದರು. ಎಲಿಯಟ್ ಎಂಬುದು ಅವರು ಕೊಟ್ಟ ಮಾರುಹೆಸರು. ಒಳ್ಳೆಯ ಕೆಲಸ, ಹೆಂಡತಿ, ಸಂಸಾರ ಎಲ್ಲ ಇದ್ದವನು. ಮಿದುಳಿನ ಮುಂಭಾಗದಲ್ಲಿ ಗೆಡ್ಡೆ ಬೆಳೆದು, ಅದನ್ನು ತೆಗೆಯುವಾಗ ಅಲ್ಲಿ ಕೆಟ್ಟುಹೋಗಿದ್ದ ಭಾಗವನ್ನೂ ತೆಗೆಯಬೇಕಾಯಿತು. ಆಮೇಲೆ ಪರೀಕ್ಷೆ ಮಾಡಿದರೆ ಬುದ್ಧಿಶಕ್ತಿ ಭೇಷಾಗಿತ್ತು. ನೆನಪು, ಲೆಕ್ಕ, ಮಾತು ಯಾವುದಕ್ಕೂ ಕುಂದಿಲ್ಲ. ಆದರೆ ಆಫೀಸಿನ ಕಾಗದಗಳನ್ನು ವಿಂಗಡಿಸಲು ಕೂತರೆ, ತಾರೀಖಿನ ಪ್ರಕಾರ ಜೋಡಿಸಲೋ, ವಿಷಯದ ಪ್ರಕಾರವೋ ಎಂದು ಮಧ್ಯಾಹ್ನವೆಲ್ಲ ಮೀನ ಮೇಷ ಎಣಿಸುತ್ತಿದ್ದ! ಕೆಲಸ ಹೋಯಿತು. ಬೇಡವೆಂದರೂ ಕೇಳದೆ ಕೆಟ್ಟ ವ್ಯವಹಾರಕ್ಕೆ ಕೈಹಾಕಿ ಉಳಿತಾಯ ಕಳೆದುಕೊಂಡ. ಸಂಸಾರವೂ ಮುರಿಯಿತು. ಇಷ್ಟೆಲ್ಲವನ್ನೂ ಯಾರದೋ ಕಥೆ ಹೇಳುವಂತೆ ಹೇಳುತ್ತಿದ್ದನಂತೆ. ಕಣ್ಣಲ್ಲಿ ನೀರಿಲ್ಲ, ದನಿಯಲ್ಲಿ ನಡುಕವಿಲ್ಲ.

ಇಂಥದೇ ತೊಂದರೆಯ ಇನ್ನೊಬ್ಬ ರೋಗಿಗೆ, ಮುಂದಿನ ಸಲ ಈ ದಿನ ಬರುತ್ತೀರೋ ಆ ದಿನ ಬರುತ್ತೀರೋ ಎಂದು ಡಮಾಸಿಯೊ ಕೇಳಿದರು. ಆತ ಡೈರಿ ತೆಗೆದು ಸುಮಾರು ಅರ್ಧ ಗಂಟೆ ಅಳೆದೂ ಸುರಿದೂ ಕೂತ. ಹವಾಮಾನ ಹೇಗೋ, ಬೇರೆ ಕೆಲಸ ಏನೋ, ಹೀಗೆ ಒಂದಾದ ಮೇಲೊಂದು. ಕಡೆಗೆ ಡಾಕ್ಟರೇ "ಎರಡನೆಯ ದಿನ ಬನ್ನಿ" ಅಂದರು. "ಆಗಲಿ" ಅಂತ ಎದ್ದು ಹೋದ!

ನೋಡಿದಿರಾ? ತಲೆಯಲ್ಲಿ ಲೆಕ್ಕವೆಲ್ಲ ಇದೆ, ಆದರೆ 'ಇದು ಸಾಕು, ಇದು ಬೇಕು' ಅನ್ನುವ ಮಿಡಿತ ಇಲ್ಲ. ಉಪ್ಪಿಲ್ಲದ ಸಾರಿನ ಹಾಗೆ. ಬೇಳೆ, ಹುಳಿ, ಪುಡಿ ಎಲ್ಲ ಅಳತೆಯಾಗಿದೆ, ರುಚಿ ಮಾತ್ರ ಕೂಡುವುದಿಲ್ಲ.

ಕೈ ಬೆವರಿದಾಗ

ಇದನ್ನು ಪರೀಕ್ಷಿಸಲು ಅಯೋವಾದವರು ಇಸ್ಪೀಟಿನಂಥ ಒಂದು ಆಟ ಕಟ್ಟಿದರು. ನಾಲ್ಕು ಕಟ್ಟು ಎಲೆ. ಕೈಯಲ್ಲಿ ಆಟದ ದುಡ್ಡು 2000 ಡಾಲರ್. ಎರಡು ಕಟ್ಟುಗಳಲ್ಲಿ ಎಲೆಯೊಂದಕ್ಕೆ 100 ಡಾಲರ್ ಬರುತ್ತದೆ, ಆದರೆ ನಡುನಡುವೆ ದೊಡ್ಡ ದಂಡ. ಹತ್ತು ಎಲೆ ಎತ್ತುವ ಹೊತ್ತಿಗೆ 250 ಡಾಲರ್ ನಷ್ಟ. ಉಳಿದೆರಡರಲ್ಲಿ ಎಲೆಗೆ ಐವತ್ತೇ ಡಾಲರ್, ದಂಡವೂ ಚಿಕ್ಕದು. ಹತ್ತು ಎಲೆಗೆ 250 ಡಾಲರ್ ಲಾಭ. ಆಡುವವರಿಗೆ ಇದು ಯಾವುದನ್ನೂ ಹೇಳಿರುವುದಿಲ್ಲ.

ಆರೋಗ್ಯವಂತರು ಹತ್ತಾರು ಎಲೆ ಎತ್ತಿದ ಮೇಲೆ ನಿಧಾನವಾಗಿ ಸಣ್ಣ ಲಾಭದ ಕಟ್ಟುಗಳ ಕಡೆಗೆ ತಿರುಗಿದರು. ಎಲಿಯಟ್‌ನಂಥವರು ದೊಡ್ಡ ಲಾಭದ ಆಸೆಗೆ ಕೆಟ್ಟ ಕಟ್ಟುಗಳನ್ನೇ ಎತ್ತಿ ಎತ್ತಿ ಕಳೆದುಕೊಂಡರು. 1997ರಲ್ಲಿ ಪ್ರಕಟವಾದ ಫಲಿತಾಂಶ ಇನ್ನೂ ಸೋಜಿಗದ್ದು. ಆಡುವವರ ಕೈಯ ಬೆವರನ್ನು ಅಳೆದಾಗ, ಆರೋಗ್ಯವಂತರ ಕೈ ಕೆಟ್ಟ ಕಟ್ಟಿನ ಕಡೆಗೆ ಚಾಚುವ ಮೊದಲೇ ಸೂಕ್ಷ್ಮವಾಗಿ ಬೆವರುತ್ತಿತ್ತು! ಯಾಕೆ ಬೇಡ ಎಂದು ಬಾಯಲ್ಲಿ ಹೇಳಲು ಇನ್ನೂ ಗೊತ್ತಿರಲಿಲ್ಲ. ಮುಂಭಾಗಕ್ಕೆ ಪೆಟ್ಟಾದವರ ಕೈ ಹಾಗೆ ಮೊದಲೇ ಬೆವರಲಿಲ್ಲ.

ಇದನ್ನು ಎಲ್ಲರೂ ಒಪ್ಪಿದ್ದಾರೆಂದಲ್ಲ. 2004ರಲ್ಲಿ ಬೇರೆ ಸಂಶೋಧಕರು ಆಡುವವರನ್ನು ಕೆದಕಿ ಕೆದಕಿ ಪ್ರಶ್ನಿಸಿದಾಗ, ಯಾವ ಕಟ್ಟು ಒಳ್ಳೆಯದೆಂಬುದು ಅವರಿಗೆ ಬಹುಬೇಗ ತಿಳಿದೇ ಇರುತ್ತದೆ ಎಂದು ಕಂಡುಬಂತು. ಮೈ ಮೊದಲೋ ಬುದ್ಧಿ ಮೊದಲೋ ಎಂಬ ಜಗಳ ವಿಜ್ಞಾನಿಗಳಿಗೇ ಇರಲಿ. ನಮಗೆ ಬೇಕಾದ ಮಾತು ಇಷ್ಟು: ಒಳ್ಳೆಯ ತೀರ್ಮಾನಕ್ಕೆ ತಲೆಯೂ ಬೇಕು, ಎದೆಯೂ ಬೇಕು. ಎದೆಯ ಮಾತನ್ನು ಕೇಳಬೇಕು, ಆದರೆ ಅದು ಯಾವುದಕ್ಕೆ ಹೆದರುತ್ತಿದೆ ಎಂದು ವಿಚಾರಿಸಲೂ ಬೇಕು.

ನಮ್ಮ ಮನೆಗೆ ಏನು ಪ್ರಯೋಜನ?

ಈ ಕೆಲವು ಮಾತುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಟ್ಟುಕೊಳ್ಳಿ.

ಮಾತನ್ನು ತಿರುಗಿಸಿ ನೋಡಿ. ಯಾರಾದರೂ 'ಇಷ್ಟು ಜನಕ್ಕೆ ಗುಣವಾಗುತ್ತದೆ' ಎಂದರೆ, 'ಎಷ್ಟು ಜನಕ್ಕೆ ಆಗುವುದಿಲ್ಲ' ಎಂದು ನೀವೇ ಲೆಕ್ಕ ಹಾಕಿ. 'ಇಷ್ಟು ಉಳಿತಾಯ' ಎಂದರೆ 'ಕೈಯಿಂದ ಹೋಗುವುದೆಷ್ಟು' ಎಂದು ಕೇಳಿ. ಪಕ್ಷವನ್ನು ಎರಡು ಕಡೆಯಿಂದ ಕೇಳಿದ ಮೇಲೆಯೂ ಮನಸ್ಸು ಒಂದೇ ಕಡೆ ನಿಂತರೆ, ಅದು ನಿಜವಾದ ಮನಸ್ಸು.

ನೂರು ಜನರನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಾಗದದ ಮೇಲೆ ನೂರು ಚುಕ್ಕಿ ಇಟ್ಟು ಹತ್ತಕ್ಕೆ ಸುತ್ತು ಹಾಕಿ. ರಂಗೋಲಿ ಚುಕ್ಕಿ ಇಡುವ ಕೈಗೆ ಇದೇನು ಮಹಾ! ಹತ್ತೂ ತೊಂಬತ್ತೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.

ದೊಡ್ಡ ಲಾಭದ ಕಟ್ಟನ್ನು ಕಂಡರೆ ದಂಡವನ್ನೂ ಹುಡುಕಿ. ಬ್ಯಾಂಕಿಗಿಂತ ಎಷ್ಟೋ ಪಾಲು ಹೆಚ್ಚು ಬಡ್ಡಿ ಕೊಡುತ್ತೇವೆ ಎನ್ನುವವರು, ಫೋನಿನಲ್ಲಿ 'ಇನ್ನು ಹತ್ತೇ ನಿಮಿಷ' ಎಂದು ಅವಸರಪಡಿಸುವವರು ಮುಂದಿಡುವುದು ಆ ಮೊದಲ ಎರಡು ಕಟ್ಟುಗಳನ್ನೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮನಸ್ಸು ಯಾಕೋ ಬೇಡ ಎನ್ನುತ್ತಿದ್ದರೆ ತಳ್ಳಿಹಾಕಬೇಡಿ. ಆ 'ಯಾಕೋ' ಏನೆಂದು ಒಂದು ರಾತ್ರಿ ಕೂತು ಯೋಚಿಸಿ. ಒಂದೊಂದು ಸಲ ಹಳೆಯ ಅನುಭವ ಎಚ್ಚರಿಸುತ್ತಿರುತ್ತದೆ, ಒಂದೊಂದು ಸಲ ಬರಿಯ ಮಾತಿನ ಮೊನೆ ಚುಚ್ಚಿರುತ್ತದೆ.

ಇನ್ನು ನಮ್ಮ ಅತ್ತೆಯವರ ಕಥೆಗೆ ಬರೋಣ. ಮಾರನೆಯ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಮಕ್ಕಳಿಬ್ಬರನ್ನೂ ಹತ್ತಿರ ಕರೆದರು. "ಅಲ್ಲ ಕಣ್ರೋ, ರಾತ್ರಿಯೆಲ್ಲ ಕಿತ್ತಾಡಿದ್ರಲ್ಲ, ಹತ್ತೂ ತೊಂಬತ್ತೂ ಸೇರಿದ್ರೆ ನೂರೇ ತಾನೆ? ಇಬ್ಬರು ಡಾಕ್ಟರೂ ಒಂದೇ ಹೇಳಿದಾರೆ. ಅದು ಹೋಗ್ಲಿ. ಆಪರೇಷನ್ ಮಾಡಿಸದೇ ಇದ್ರೆ ನೂರಕ್ಕೆ ಎಷ್ಟು ಜನ? ಅದನ್ನ ಯಾರೂ ಕೇಳಲಿಲ್ವಾ?"

ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಂತಾಯಿತು. ಯಾರೂ ಕೇಳಿರಲಿಲ್ಲ!

ಹೋಗಿ ಕೇಳಿದೆವು. ಅತ್ತೆಯವರ ಸ್ಥಿತಿಯಲ್ಲಿ ಇರುವವರು, ಹಾಗೇ ಬಿಟ್ಟರೆ, ಅರ್ಧಕ್ಕರ್ಧ ಜನ ಎರಡು ವರ್ಷ ದಾಟುವುದು ಕಷ್ಟ ಎಂದರು ಡಾಕ್ಟರು. ನೂರಕ್ಕೆ ಹತ್ತನ್ನು ಏನೂ ಇಲ್ಲದ ಜೊತೆ ಹೋಲಿಸಿ ನಾವು ಹೆದರಿದ್ದೆವು. ಹೋಲಿಸಬೇಕಾಗಿದ್ದದ್ದು ನೂರಕ್ಕೆ ಐವತ್ತರ ಜೊತೆಗೆ. "ಹಾಗಾದ್ರೆ ನಂಗೆ ಆಪರೇಷನ್ನೇ ಸರಿ. ಆ ಹತ್ತರಲ್ಲಿ ನಾನೂ ಒಬ್ಬಳಾದ್ರೆ, ನೀವಿಬ್ಬರೂ ಒಬ್ಬರನ್ನೊಬ್ಬರು ದೂರಬೇಡಿ. ನಾನೇ ಹೇಳಿದ್ದು ಅಂತ ಜ್ಞಾಪಕ ಇಟ್ಕೊಳ್ಳಿ" ಅಂದರು.

ಆಪರೇಷನ್ ಸುಸೂತ್ರವಾಗಿ ಆಯಿತು. ಆಮೇಲೆ ಆರು ವರ್ಷ ಅತ್ತೆಯವರು ಮೊಮ್ಮಕ್ಕಳ ಜೊತೆ ನಗುನಗುತ್ತಾ ಇದ್ದು, ಒಂದು ಸಂಕ್ರಾಂತಿಯ ಮಾರನೆಯ ದಿನ ನಿದ್ದೆಯಲ್ಲೇ ಹೋದರು. ಅವರು ಉಳಿದರೆಂದು ಆ ತೀರ್ಮಾನ ಸರಿಯಾಯಿತು ಎಂದು ನಾನು ಹೇಳುತ್ತಿಲ್ಲ. ಉಳಿಯದಿದ್ದರೂ ಅದು ಸರಿಯಾದ ತೀರ್ಮಾನವೇ ಆಗಿರುತ್ತಿತ್ತು. ಕೇಳಬೇಕಾದ್ದನ್ನು ಕೇಳಿ, ಹೆದರಿಕೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ತೂಗಿ ನೋಡಿದ ತೀರ್ಮಾನ ಅದು.

ಅತ್ತೆಯವರು ಓದಿದ್ದು ನಾಲ್ಕನೆಯ ಕ್ಲಾಸು. ಅಮಿಗ್ಡಲದ ಹೆಸರನ್ನು ಕೇಳಿದವರಲ್ಲ. ಈಗಲೂ ನಮ್ಮ ಮನೆಯಲ್ಲಿ ಏನಾದರೂ ದೊಡ್ಡ ಪ್ರಶ್ನೆ ಬಂದರೆ, ಜಗಳ ಜೋರಾಗುವ ಮೊದಲು ಮೈದುನ ನಗುತ್ತಾ ಕೇಳುತ್ತಾನೆ: "ಅತ್ತಿಗೆ, ಅಮ್ಮ ಇದ್ದಿದ್ರೆ ಈಗ ಏನು ಕೇಳ್ತಿದ್ರು ಹೇಳಿ?"